ಬಾಂದುಕಲ್ಲಿಗೆ ತಗುಲಿದ ಚೆಂಡು

ನಮ್ಮ ಮಾವನವರು ಸರ್ವೆ ಇಲಾಖೆಯಲ್ಲಿ 32 ವರ್ಷ ಸರಪಳಿ ಎಳೆದು ನಿವೃತ್ತರಾದವರು. ಎರಡು ಗದ್ದೆಗಳ ನಡುವಿನ ಬದು ನೋಡಿದರೆ ಸಾಕು, ಯಾರು ಯಾರದ್ದನ್ನು ಎಷ್ಟು ಒತ್ತಿದ್ದಾರೆಂದು ಆಣೆ ಲೆಕ್ಕದಲ್ಲಿ ಹೇಳುತ್ತಾರೆ. 2017ರ ಡಿಸೆಂಬರಿನಲ್ಲಿ ಮಗಳನ್ನು ನೋಡಲೆಂದು ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದರು. 17ನೇ ತಾರೀಖು ಭಾನುವಾರ ರಾತ್ರಿ ನಾನು ಓಕ್‌ಲ್ಯಾಂಡ್ ರೇಡರ್ಸ್ ಮತ್ತು ಡಲ್ಲಾಸ್ ಕೌಬಾಯ್ಸ್ ತಂಡಗಳ ಅಮೆರಿಕನ್ ಫುಟ್‌ಬಾಲ್ ಪಂದ್ಯ ಹಾಕಿಕೊಂಡು ಕೂತಿದ್ದೆ. ಮಾವ ಸೋಫಾದ ಮೂಲೆಯಲ್ಲಿ ಚಕ್ಕುಲಿ ಮುರಿಯುತ್ತಾ ತೂಕಡಿಸುತ್ತಿದ್ದರು. ಇಬ್ಬರು ಸರಪಳಿ ಹಿಡಿದು ಮೈದಾನಕ್ಕೆ ಓಡಿ ಬಂದದ್ದೇ ತಡ, ನೆಟ್ಟಗೆ ಕೂತರು.

"ಎಷ್ಟುದ್ದದ್ದು ಅದು?"

"10 ಗಜ, ಮಾವ. 30 ಅಡಿ."

"ನಮ್ಮದು 33. ಮಿಕ್ಕ ಮೂರಡಿ ಯಾರು ತಿಂದರು?"

ನಾಲ್ಕು ಯತ್ನದೊಳಗೆ ಚೆಂಡನ್ನು 10 ಗಜ ಮುಂದೆ ಒಯ್ಯಬೇಕು, ಒಯ್ದಿದ್ದಾರೋ ಇಲ್ಲವೋ ಎಂದು ಹೀಗೆ ಅಳೆಯುತ್ತಾರೆ ಎಂದು ವಿವರಿಸುತ್ತಿದ್ದೆ. ಅಷ್ಟರಲ್ಲಿ ರೆಫರಿ ಜೀನ್ ಸ್ಟೆರಟೋರ್ ಒಂದು ಕಾಗದ ತೆಗೆದು, ಮಡಚಿ, ಚೆಂಡಿನ ಮೂತಿಗೂ ಸರಪಳಿ ತುದಿಯ ಕೋಲಿಗೂ ನಡುವೆ ತೂರಿಸಿ ನೋಡಿದರು. ಸಾವಿರಾರು ಕೋಟಿ ಡಾಲರಿನ ಆಟ, ಕೊನೆಗೆ ಒಂದು ಮಡಚಿದ ಚೀಟಿಯ ಮೇಲೆ ನಿಂತಿತು. ತೀರ್ಪು ಡಲ್ಲಾಸ್ ಕಡೆಗೆ. ಕಣ್ಣಳತೆಯಲ್ಲೇ ನಿರ್ಧರಿಸಿದ್ದೆ, ಕಾಗದ ಬರೀ ಖಾತ್ರಿಗೆ ಎಂದು ರೆಫರಿ ಆಮೇಲೆ ಹೇಳಿದರು. ಮಾವ ಕೇಳಿದ್ದು ಒಂದೇ ಮಾತು: "ಮಹಜರಿಗೆ ಪಂಚರ ಸಹಿ ಆಯ್ತಾ?"

ಆ ಕಾಗದದ ಕಥೆ ಮರುದಿನ ಲೋಕವೆಲ್ಲ ಸುತ್ತಿತು. ಆದರೆ ಅದಕ್ಕಿಂತ ದೊಡ್ಡ ತಮಾಷೆ ಅದೇ ಪಂದ್ಯದ ಕೊನೆಯಲ್ಲಿ ನಡೆಯಿತು. ಡಲ್ಲಾಸ್ 20, ಓಕ್‌ಲ್ಯಾಂಡ್ 17. ಉಳಿದದ್ದು 31 ಸೆಕೆಂಡು. ರೇಡರ್ಸ್‌ನ ಡೆರೆಕ್ ಕಾರ್ ಚೆಂಡು ಹಿಡಿದು ಮೂಲೆಯ ಕಿತ್ತಳೆ ಬಣ್ಣದ ಕಂಬದತ್ತ ಓಡಿ, ಹಾರಿ, ಕೈ ಚಾಚಿದ. ಕಂಬಕ್ಕೆ ಇನ್ನೇನು ತಾಗಬೇಕು, ಚೆಂಡು ಕೈಜಾರಿತು. ಎಂಡ್ ಝೋನ್, ಅಂದರೆ ಮೈದಾನದ ತುದಿಯಲ್ಲಿ ಅಂಕ ಗಳಿಸುವ ಪಟ್ಟಿ, ಅದರ ಮೂಲೆ ಸವರಿ ಹೊರಗೆ ಹೋಯಿತು. ರೇಡರ್ಸ್ ಅಭಿಮಾನಿಯಾದ ನಾನು ತಲೆ ಮೇಲೆ ಕೈ ಹೊತ್ತೆ. ಮಾವನ ವಿಚಾರಣೆ ಶುರುವಾಯಿತು.

"ಚೆಂಡು ಕೈಜಾರಿ ಪಕ್ಕದ ಗೆರೆ ದಾಟಿ ಹೊರಗೆ ಹೋದರೆ ಯಾರದು?"

"ಬಿಟ್ಟವರದ್ದೇ. ಮುಂದಕ್ಕೆ ಜಾರಿದ್ದರೆ, ಜಾರಿದ ಜಾಗಕ್ಕೆ ತಂದಿಡುತ್ತಾರೆ."

"ಎದುರಾಳಿ ಹಿಡಿದರೆ?"

"ಹಿಡಿದವರದು."

"ಸರಿ. ಈಗ ಯಾರು ಹಿಡಿದರು?"

"ಯಾರೂ ಇಲ್ಲ. ಎಂಡ್ ಝೋನ್ ಮುಟ್ಟಿ ಹೊರಗೆ ಹೋಯಿತಲ್ಲ, ಅದಕ್ಕೆ ಟಚ್‌ಬ್ಯಾಕ್. ಚೆಂಡು ಡಲ್ಲಾಸ್‌ನವರಿಗೆ. ಅವರ 20ನೇ ಗಜದಿಂದ ಆಟ."

ಮಾವ ಚಕ್ಕುಲಿ ಕೆಳಗಿಟ್ಟರು. "ಅಂದರೆ ನನ್ನ ಹಸು ಹಗ್ಗ ಬಿಚ್ಕೊಂಡು ಬೀದಿಗೆ ಹೋದರೆ ನನ್ನದೇ. ಪಕ್ಕದವನ ಹಿತ್ತಲಿನ ಮೂಲೆಗೆ ಒಂದು ಕಾಲಿಟ್ಟು ಬೀದಿಗೆ ಹೋದರೆ ಅವನದು. ಅವನು ಹಿಡಿದಿಲ್ಲ, ಕಟ್ಟಿಲ್ಲ, ಹುಲ್ಲು ಹಾಕಿಲ್ಲ."

ನ್ಯಾಷನಲ್ ಫುಟ್‌ಬಾಲ್ ಲೀಗ್‌ನ ನಿಯಮ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಭಾಷ್ಯ ನಾನು ಓದಿಲ್ಲ.

ಆ ಕಂಬದ ಮಹಿಮೆ ನೋಡಿ. 18 ಇಂಚು ಎತ್ತರದ ಮೆತ್ತನೆಯ ವಸ್ತು. ಚೆಂಡು ಭದ್ರವಾಗಿ ಕೈಯಲ್ಲಿದ್ದಾಗ ಅದಕ್ಕೆ ತಾಗಿದರೆ 6 ಅಂಕ. ಕಣ್ಣೆವೆ ಇಕ್ಕುವಷ್ಟು ಮೊದಲು ಜಾರಿ ತಾಗಿದರೆ, ಅಂಕವೂ ಇಲ್ಲ, ಚೆಂಡೂ ಇಲ್ಲ. ಇಷ್ಟು ಖಡಾಖಂಡಿತ ಹದ್ದುಬಸ್ತು ನಮ್ಮ ಯಾವ ತಾಲ್ಲೂಕು ಕಚೇರಿಯಲ್ಲೂ ಆಗಿಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ ಜೆಟ್ಸ್ ತಂಡದ ಆಸ್ಟಿನ್ ಸೆಫೇರಿಯನ್ ಜೆಂಕಿನ್ಸ್‌ಗೆ ಆದದ್ದು ಇದಕ್ಕೂ ಒಂದು ಕೈ ಮೇಲು. ಚೆಂಡು ಕ್ಷಣಕಾಲ ಜಾರಿತು, ಅವನೇ ಮತ್ತೆ ಹಿಡಿದ, ಬಿದ್ದೆದ್ದಾಗ ಚೆಂಡು ಅವನ ಕೈಯಲ್ಲೇ ಇತ್ತು. ಮೈದಾನದಲ್ಲಿದ್ದ ರೆಫರಿಗಳು ಟಚ್‌ಡೌನ್, ಅಂದರೆ ಆ 6 ಅಂಕ, ಎಂದರು. ವಿಡಿಯೊ ನೋಡಿದವರು, ಮತ್ತೆ ಹಿಡಿತಕ್ಕೆ ಬರುವಷ್ಟರಲ್ಲಿ ಗೆರೆಯಾಚೆ ಹೋಗಿದ್ದ, ಹಾಗಾಗಿ ಚೆಂಡು ಎದುರಾಳಿ ಪೇಟ್ರಿಯಟ್ಸ್‌ನದು ಎಂದರು. ಜೆಟ್ಸ್ ಸೋತದ್ದು 24-17ರಿಂದ. ಕೈಯಲ್ಲಿರುವ ಪಹಣಿ ನಿನ್ನದೇ, ಜಮೀನು ಮಾತ್ರ ಅವರದು ಅಂದ ಹಾಗೆ.

2021ರ ಜನವರಿ 17ರಂದು ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನ ರಶಾರ್ಡ್ ಹಿಗಿನ್ಸ್ ಕಂಬದತ್ತ ಹಾರಿದಾಗ, ಕಾನ್ಸಸ್ ಸಿಟಿ ಚೀಫ್ಸ್‌ನ ಡೇನಿಯಲ್ ಸೊರೆನ್ಸನ್ ತಲೆಗೆ ತಲೆ ಕೊಟ್ಟು ಗುದ್ದಿದ. ಚೆಂಡು ಜಾರಿ ಎಂಡ್ ಝೋನ್ ಮೂಲಕ ಹೊರಗೆ. ಹೆಲ್ಮೆಟ್ಟಿನಿಂದ ಹಾಗೆ ಗುದ್ದುವುದು ತಪ್ಪು, ಆದರೆ ಯಾರೂ ಸೀಟಿ ಊದಲಿಲ್ಲ, ಊದದ ಸೀಟಿಯನ್ನು ವಿಡಿಯೊ ನೋಡಿ ಊದಲು ಆಗ ಅವಕಾಶವಿರಲಿಲ್ಲ. ಚೆಂಡು ಪ್ಲಾಸ್ಟಿಕ್ಕಿಗೆ ತಾಗಿತೇ ಎಂದು ಎಂಟು ಕೋನದಿಂದ ನೋಡಬಹುದು, ತಲೆ ತಲೆಗೆ ತಾಗಿತೇ ಎಂದು ನೋಡುವಂತಿಲ್ಲ. ಬ್ರೌನ್ಸ್ ಸೋತದ್ದು 22-17ರಿಂದ.

ನಿಯಮದ ವಕೀಲರ ವಾದ ಎರಡೇ. ಒಂದು, "ಚೆಂಡು ಬಿಡಬೇಡಿ, ಅಷ್ಟೇ." ಮೈದಾನದ ಮಿಕ್ಕ 100 ಗಜದಲ್ಲಿ ಬಿಟ್ಟವರಿಗೆ ಈ ಉಪದೇಶ ಯಾಕಿಲ್ಲವೋ ಗೊತ್ತಿಲ್ಲ. ಇನ್ನೊಂದು, ನಿಯಮ ಸಡಿಲಿಸಿದರೆ ಆಟಗಾರರು ಬೇಕೆಂದೇ ಚೆಂಡನ್ನು ಮುಂದಕ್ಕೆ ಜಾರಿಸುತ್ತಾರೆ ಎಂಬ ಭಯ. ಭಯ ಸುಮ್ಮನೆ ಹುಟ್ಟಿದ್ದಲ್ಲ, ಹುಟ್ಟಿಸಿದವರು ನಮ್ಮ ರೇಡರ್ಸೇ. 1978ರ ಸೆಪ್ಟೆಂಬರ್ 10ರಂದು ಸ್ಯಾನ್ ಡಿಯೆಗೊದಲ್ಲಿ, ಸಮಯ ಮುಗಿಯುತ್ತಿದ್ದಾಗ, ಕೆನ್ ಸ್ಟೇಬ್ಲರ್ ಚೆಂಡನ್ನು ಮುಂದಕ್ಕೆ "ಕೈಜಾರಿಸಿದ". ಜತೆಗಾರರು ಅದನ್ನು ತಳ್ಳಿ, ಒದ್ದು, ಎಂಡ್ ಝೋನ್‌ಗೆ ಉರುಳಿಸಿದರು. ಡೇವ್ ಕ್ಯಾಸ್ಪರ್ ಮೇಲೆ ಬಿದ್ದ. ರೇಡರ್ಸ್ 21-20ರಿಂದ ಗೆದ್ದರು. ಬೇಕೆಂದೇ ಬಿಟ್ಟೆ ಎಂದು ಸ್ಟೇಬ್ಲರ್ ಆಮೇಲೆ ಒಪ್ಪಿಕೊಂಡ. ಆದರೆ ಆ ಕಂಡಿಗೆ 1979ರಲ್ಲೇ ಮಣ್ಣು ಹಾಕಿದ್ದಾರೆ: ಪ್ರತಿ ಅರ್ಧದ ಕೊನೆಯ ಎರಡು ನಿಮಿಷದಲ್ಲಿ ಇಲ್ಲವೇ ಯಾವಾಗಲಾದರೂ ನಾಲ್ಕನೇ ಯತ್ನದಲ್ಲಿ, ಜಾರಿಸಿದವನ ತಂಡದಲ್ಲಿ ಅವನೊಬ್ಬನೇ ಅದನ್ನು ಎತ್ತಿಕೊಂಡು ಮುಂದೆ ಹೋಗಬಹುದು. ಕಳ್ಳ ಒಳಬರುತ್ತಿದ್ದ ಬಾಗಿಲು ಮುಚ್ಚಿ 40 ವರ್ಷ ದಾಟಿತು. ಬೀದಿಯಲ್ಲಿ ಹೋಗುವವನನ್ನು ಹೊಡೆಯುವುದು ಮಾತ್ರ ನಿಂತಿಲ್ಲ.

ನಿಯಮ ಬದಲಿಸಲು ಲೀಗ್‌ನ 32 ತಂಡಗಳಲ್ಲಿ 24 ಒಪ್ಪಬೇಕು. ಮನಸ್ಸಿದ್ದರೆ ಬದಲಿಸುತ್ತಾರೆ. 2002ರ ಜನವರಿಯಲ್ಲಿ, ಹಿಮ ಸುರಿಯುವಾಗ, ಪೇಟ್ರಿಯಟ್ಸ್‌ನ ಟಾಮ್ ಬ್ರೇಡಿ ಕೈಯಿಂದ ಜಾರಿದ ಚೆಂಡನ್ನು ಜಾರಲೇ ಇಲ್ಲ ಎಂದ ಟಕ್ ನಿಯಮವನ್ನು 2013ರಲ್ಲಿ 29-1 ಮತಗಳಿಂದ ಹೂತರು. (ಅಂದು ಸೋತವರು ಯಾರೆಂದು ಕೇಳಬೇಡಿ. ರೇಡರ್ಸ್.) ಆಟ ಶುರು ಮಾಡುವ ಒದೆತದ, ಅಂದರೆ ಕಿಕ್‌ಆಫ್‌ನ, ಟಚ್‌ಬ್ಯಾಕ್ ಅಂತೂ ತರಕಾರಿ ಬೆಲೆಯ ಹಾಗೆ ಏರುತ್ತಿದೆ: 2016ರಲ್ಲಿ 20ರಿಂದ 25ನೇ ಗಜ, 2024ರಲ್ಲಿ 30, 2025ರಲ್ಲಿ 35. ಜಾರಿದ ಚೆಂಡಿನದು ಮಾತ್ರ ಅದೇ 20. ಚೀಫ್ಸ್ ಕೂಡ ಇದರ ರುಚಿ ನೋಡಿದ್ದಾರೆ. 2024ರ ಜನವರಿಯಲ್ಲಿ ಬಫಲೋದಲ್ಲಿ ಅವರ ಮೆಕೋಲ್ ಹಾರ್ಡ್‌ಮನ್ ಇದೇ ರೀತಿ ಚೆಂಡು ಕಳೆದ. ಆದರೂ ತಂಡ 27-24ರಿಂದ ಗೆದ್ದಿತು. ಗೆದ್ದು ಮನೆಗೆ ಹೋಗುವವನು ದೂರು ಅರ್ಜಿ ಬರೆಯುತ್ತಾನೆಯೇ? ಬರೆಯಬೇಕೆನಿಸುವುದು ಸೋತವನಿಗೆ, ಅವನ ಹತ್ತಿರ ಇರುವುದು ಒಂದೇ ಮತ.

ಪರಿಹಾರವನ್ನು ಮಾವ ಅಂದೇ ಹೇಳಿದ್ದರು. "ನಮ್ಮೂರಲ್ಲಿ ದನದ ದೊಡ್ಡಿ ಇತ್ತಲ್ಲ. ಬೇರೆಯವರ ಪೈರಿಗೆ ಬಾಯಿ ಹಾಕಿದ ಹಸುವನ್ನೂ ದೊಡ್ಡಿಗೆ ಕೂಡಿ, ದಂಡ ಕಟ್ಟಿಸಿಕೊಂಡು, ಬಿಟ್ಟು ಕಳಿಸ್ತಿದ್ದರು. ಪೈರಿನವನಿಗೇ ಹಸು ಬರೆದುಕೊಟ್ಟದ್ದು ನಾನಂತೂ ಕಂಡಿಲ್ಲ." ಚೆಂಡನ್ನು ಜಾರಿದ ಜಾಗಕ್ಕೇ ತನ್ನಿ, ಇಲ್ಲವೇ ದಂಡವಾಗಿ 20ನೇ ಗಜದವರೆಗೆ ಹಿಂದಕ್ಕೆ ಅಟ್ಟಿ. ಚೆಂಡು ಮಾತ್ರ ಬಿಟ್ಟವರ ಹತ್ತಿರವೇ ಇರಲಿ.

2025ರಲ್ಲಿ ಲೀಗ್‌ನವರು ಅಳತೆಗೆ ಕ್ಯಾಮೆರಾ ವ್ಯವಸ್ಥೆ ತಂದರು. 10 ಗಜವಾಯಿತೋ ಇಲ್ಲವೋ, ಯಂತ್ರವೇ ಹೇಳುತ್ತದೆ. ವಿಡಿಯೊ ಕಾಲ್‌ನಲ್ಲಿ ಮಾವನಿಗೆ ಸುದ್ದಿ ಮುಟ್ಟಿಸಿದೆ.

"ಒಳ್ಳೇದಾಯ್ತು. ಸರಪಳಿ ಏನು ಮಾಡಿದರಪ್ಪಾ?"

"ಕೈಕೊಟ್ಟರೆ ಇರಲಿ ಅಂತ ಇಟ್ಕೊಂಡಿದ್ದಾರೆ, ಮಾವ."

"ಹಸು?"

"ಇನ್ನೂ ಪಕ್ಕದ ಮನೆಯ ಕೊಟ್ಟಿಗೆಯಲ್ಲೇ ಇದೆ."