ಹಿಮಸಾಗರದಲ್ಲಿ ಬ್ರಹ್ಮಗಿರಿ

ಇಂಟರ್ನಲ್ ಮಾರ್ಕ್ಸ್ ಅಪ್‌ಲೋಡ್ ಆಯಿತು, ಮೌಲ್ಯಮಾಪನ ಮುಗಿಯಿತು, ಚುನಾವಣೆ ಡ್ಯೂಟಿ ಈ ಸಲ ಪಕ್ಕದ ಟೇಬಲ್ಲಿನವರಿಗೆ ಬಿತ್ತು. ಚಿತ್ರದುರ್ಗದ ಇತಿಹಾಸ ಮೇಷ್ಟ್ರಿಗೆ ಅರ್ಧಕ್ಕೆ ಬಿಟ್ಟ ಡೇಟಾಬೇಸ್ ನೆನಪಾಗುವುದು ಆಗಲೇ. ಜಿಲ್ಲೆಯ ನೆಲೆ, ಶಾಸನ, ಮಡಕೆ ಚೂರು ಎಲ್ಲ ಒಂದೇ ಎಕ್ಸೆಲ್ ಹಾಳೆಯಲ್ಲಿ. ತೆರೆದು ನೋಡಿದರೆ ಯಾರೋ ಆಗದವರು ತುಂಬಿಸಿದಂತಿರುತ್ತದೆ. 'ಕಪ್ಪು-ಕೆಂಪು', 'ಕ.ಕೆಂ.', 'ಬಿಆರ್‌ಡಬ್ಲ್ಯೂ' (ಬ್ಲ್ಯಾಕ್ ಅಂಡ್ ರೆಡ್ ವೇರ್): ಇರುವುದು ಒಂದೇ ಬಗೆಯ ಮಡಕೆ, ಎಣಿಕೆಯಲ್ಲಿ ಮೂರು. 'ಚಂದ್ರವಳ್ಳಿ' ಬರೆದು ಕೊನೆಗೊಂದು ಸ್ಪೇಸ್ ಒತ್ತಿದ್ದರೆ ಅದು ಬೇರೆಯದೇ ಊರು. ಹಾಗಾಗಿ ಮೊದಲ ದಿನ ಹೊಸ ಸಾಲು ಸೇರಿಸಲೇಬಾರದು. ಟ್ರಿಮ್ ಸೂತ್ರ ಓಡಿಸಿ ಸ್ಪೇಸ್ ಕಳೆಯಬೇಕು. ಮಡಕೆ ಬಗೆಗೆ, ಊರಿಗೆ ಡ್ರಾಪ್‌ಡೌನ್ ಪಟ್ಟಿ ಕಟ್ಟಬೇಕು. 'ಕಾಲ' ಎಂಬ ಕಾಲಂನಲ್ಲಿ 'ಪ್ರಾಚೀನ' ಎಂದು ಬರೆದಿದ್ದರೆ ಸುಮ್ಮನೆ ಅಳಿಸಿಬಿಡಿ, ನಷ್ಟವೇನಿಲ್ಲ.

ಎಕ್ಸೆಲ್‌ಗೆ ಕೇಳದೆ ಉಪಕಾರ ಮಾಡುವ ಚಾಳಿ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಮಣ್ಣನ್ನು ಸ್ತರ ಸ್ತರವಾಗಿ ಬಿಡಿಸಿ ಅಗೆಸಿದರಲ್ಲ, ಅಂಥ ವರದಿ ನೋಡಿಕೊಂಡು ಸ್ತರದ ಕಾಲಂನಲ್ಲಿ 3-4 ಎಂದು ಹೊಡೆಯಿರಿ. ಎಂಟರ್ ಒತ್ತುವಷ್ಟರಲ್ಲಿ ಅದು ಏಪ್ರಿಲ್ 3. ಗಾಬರಿಯಾಗಿ ಆಮೇಲೆ 'ಟೆಕ್ಸ್ಟ್' ಮಾಡಿದರೆ 45750ರಂಥ ಸಂಖ್ಯೆ ಬರುತ್ತದೆ. 1900ರಿಂದ ದಿನ ಎಣಿಸುವುದು ಅದರ ಲೆಕ್ಕ. 45750ನೇ ಸ್ತರ ಸಿಗಬೇಕಾದರೆ ಪಾತಾಳವನ್ನೂ ದಾಟಿ ಅಗೆಯಬೇಕು. ತುಂಬುವ ಮೊದಲೇ ಇಡೀ ಕಾಲಂ ಟೆಕ್ಸ್ಟ್ ಆಗಿರಲಿ.

ನಕ್ಷೆಯ ಫಜೀತಿ ಇನ್ನೂ ಸ್ವಾರಸ್ಯದ್ದು. ಬ್ರಹ್ಮಗಿರಿ ಇರುವುದು ಸುಮಾರು 14 ಡಿಗ್ರಿ 49 ನಿಮಿಷ ಉತ್ತರ, 76 ಡಿಗ್ರಿ 48 ನಿಮಿಷ ಪೂರ್ವದಲ್ಲಿ. ಅದನ್ನು ಹಾಗೇ 14.49, 76.48 ಎಂದು ಹೊಡೆದರೆ ಅಲ್ಲಿನ ಅಶೋಕನ ಶಾಸನ ಮೊಳಕಾಲ್ಮೂರು ಬಿಟ್ಟು ನೈರುತ್ಯಕ್ಕೆ ಸುಮಾರು 50 ಕಿಲೋಮೀಟರ್ ಜರುಗಿ ಯಾರದೋ ಹೊಲದಲ್ಲಿ ಕೂರುತ್ತದೆ. ನಿಮಿಷವನ್ನು 60ರಿಂದ ಭಾಗಿಸಬೇಕು: 14.817, 76.80. ಅಕ್ಷಾಂಶ, ರೇಖಾಂಶ ಅದಲುಬದಲಾದರಂತೂ ಬ್ರಹ್ಮಗಿರಿ ಆರ್ಕ್ಟಿಕ್‌ನಲ್ಲಿ, ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರದಲ್ಲಿ ತೇಲುತ್ತಿರುತ್ತದೆ. ಅಕ್ಷಾಂಶ 13ರಿಂದ 15, ರೇಖಾಂಶ 75ರಿಂದ 77 ಮೀರಿದರೆ ಕೆಂಪಾಗುವಂತೆ ಕಂಡಿಷನಲ್ ಫಾರ್ಮ್ಯಾಟಿಂಗ್ ಹಾಕಿಟ್ಟರೆ ಸಮುದ್ರಕ್ಕೆ ಬಿದ್ದವರು ತಕ್ಷಣ ಸಿಗುತ್ತಾರೆ. 50 ಕಿಲೋಮೀಟರ್ ಜರುಗಿದವರು ಸಿಗುವುದಿಲ್ಲ. ಅವರನ್ನು ನಕ್ಷೆಯಲ್ಲಿ ಒಬ್ಬೊಬ್ಬರನ್ನೇ ನೋಡಿ ಹಿಡಿಯಬೇಕು.

ಇದೆಲ್ಲ ಯಂತ್ರದ್ದೋ ನಮ್ಮದೋ ತಪ್ಪು. ತಾಲ್ಲೂಕಿನದು ಹಾಗಲ್ಲ, ಅಲ್ಲಿ ಯಾರ ತಪ್ಪೂ ಇಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಹೋದವು, ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು. ಆದ್ದರಿಂದ ದಾವಣಗೆರೆಯ ಶಾಸನ, ಹಳೆಯ ಜಿಲ್ಲೆಗಳ ಪ್ರಕಾರ ಶಾಸನ ಅಚ್ಚುಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ 11ನೇ ಸಂಪುಟದಲ್ಲಿ, ಚನ್ನಗಿರಿಯದು 7ರಲ್ಲಿ. ಸಂಖ್ಯೆ ತಾಲ್ಲೂಕು ತಾಲ್ಲೂಕಿಗೂ 1ರಿಂದ ಶುರು. ಬರೀ '25' ಎಂದು ಬರೆದಿಟ್ಟರೆ ಅದು ಯಾವ ಊರಿನ ಕಲ್ಲೋ ಕಲ್ಲೇ ಎದ್ದು ಬಂದು ಹೇಳಬೇಕು. ಹರಪನಹಳ್ಳಿಯದು ದೊಡ್ಡ ಕಥೆ. ಮದ್ರಾಸ್ ಪ್ರಾಂತ್ಯದ ಬಳ್ಳಾರಿಯಲ್ಲಿತ್ತು, ಹಾಗಾಗಿ ಶಾಸನಗಳಿಗೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ 9ನೇ ಸಂಪುಟ ಹುಡುಕಬೇಕು. 1997ರಲ್ಲಿ ದಾವಣಗೆರೆಗೆ ಬಂತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಆ ತಾಲ್ಲೂಕಿನ ಉಚ್ಚಂಗಿದುರ್ಗ ಮಾತ್ರ ಇದ್ದಲ್ಲೇ ಇದೆ.

ಆದ್ದರಿಂದ ಜಿಲ್ಲೆಗೆ ಎರಡು ಕಾಲಂ: 'ಮೂಲದಲ್ಲಿರುವಂತೆ', 'ಈಗ'. ಮೊದಲನೆಯದನ್ನು ಯಾವ ಕಾರಣಕ್ಕೂ ತಿದ್ದಬಾರದು. ಎರಡನೆಯದಕ್ಕೆ ಪಕ್ಕದಲ್ಲೇ ತಿದ್ದಿದ ತಾರೀಖು ಹಾಕಿ. ಅದೊಂದು ಕಾಲಂನಲ್ಲಿ ಮಾತ್ರ ಎಕ್ಸೆಲ್ ತಾನಾಗಿ ತಾರೀಖು ಮಾಡಿದರೆ ಅಭ್ಯಂತರವಿಲ್ಲ.