ಮಂಗ ತಿಂದ 14 ಡಾಲರ್

ನಮ್ಮ ಷಡ್ಡಕ ಇರೋದು ಲಾಸ್ ವೇಗಸ್‌ನಲ್ಲಿ. ಮಾಡೋದು ಕಂಪ್ಯೂಟರ್ ಕೆಲಸ. ಆದರೆ ದಾವಣಗೆರೆಯಲ್ಲಿ ಯಾರಿಗೆ ಹೇಳಿದರೂ "ಓ, ಕ್ಯಾಸಿನೋದಾಗಾ?" ಅಂತ ಹುಬ್ಬು ಹಾರಿಸುತ್ತಾರೆ. ಅದಕ್ಕೇ ನಾವು ಸುಮ್ನೆ "ಅಮೆರಿಕಾದಲ್ಲಿ" ಅಂದು ಮಾತು ಮುಗಿಸುತ್ತೇವೆ.

ಎರಡು ವರ್ಷದ ಹಿಂದೆ ನಾವು ಹೋಗಿದ್ದಾಗ ಒಂದೇ ದಿನದಲ್ಲಿ ಊರೆಲ್ಲ ಸುತ್ತಿಸಿದ್ದ. ಅರ್ಧ ಅಳತೆಯ ಐಫೆಲ್ ಟವರ್, ಹಾಡಿಗೆ ಕುಣಿಯುವ ಬೆಲಾಜಿಯೋ ಕಾರಂಜಿ, ಕಟ್ಟಡದ ಒಳಗೇ ಕಾಲುವೆ, ಕಾಲುವೆಯಲ್ಲಿ ದೋಣಿ, ಮೇಲೆ ಬಣ್ಣ ಬಳಿದ ಆಕಾಶ. ಮಧ್ಯಾಹ್ನ ಬಫೆ. ಸಾಲು ಸಾಲು ಐಟಂ. ಸಸ್ಯಾಹಾರಿಗಳಾದ ನಾವು ಪೂರ್ತಿ ದುಡ್ಡು ಕೊಟ್ಟು ಅನ್ನ, ಸೌತೆಕಾಯಿ, ಮೂರು ಸಲ ಐಸ್‌ಕ್ರೀಂ ತಿಂದು ಎದ್ದೆವು. ಸಂಜೆ ನನ್ನ ಹೆಂಡತಿ ನಮ್ಮೂರ ದೇವತೆ ದುಗ್ಗಮ್ಮನನ್ನು ನೆನೆದು ಸ್ಲಾಟ್ ಮಷೀನಿಗೆ ಐದು ಡಾಲರ್ ಹಾಕಿದಳು. 14 ಆಯಿತು! ನಾಣ್ಯ ಝಣಝಣ ಸುರಿಯುತ್ತೆ ಅಂತ ದುಪ್ಪಟ್ಟಾ ಒಡ್ಡಿಕೊಂಡು ನಿಂತಳು. ಸರ್ ಅಂತ ಒಂದು ಚೀಟಿ ಹೊರಗೆ ಬಂತು.

"ಇದೇನ್ರೀ, ನಮ್ಮೂರ ಮಟ್ಕಾ ಓಸಿ ಚೀಟಿ ಇದ್ದಂಗೈತಿ!"

ಅದನ್ನು ದುಡ್ಡು ಮಾಡಿಸಲು ಒಪ್ಪಲೇ ಇಲ್ಲ. ಗೆದ್ದದ್ದಕ್ಕೆ ಸಾಕ್ಷಿ ಬೇಕಲ್ಲ? ಅವತ್ತಿನಿಂದ ಆ ಚೀಟಿ, ದುಗ್ಗಮ್ಮನ ಕುಂಕುಮದ ಪೊಟ್ಟಣದ ಜೊತೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ, ಅವಳ ವ್ಯಾನಿಟಿ ಬ್ಯಾಗಿನಲ್ಲಿದೆ. ಇತ್ತು ಅನ್ನಬೇಕು.

ಈ ಸಲ ಷಡ್ಡಕ ಹೆಂಡತಿ, ಮಗನನ್ನು ಕರೆದುಕೊಂಡು ಬಂದ. ತೋರಿಸುವ ಸರದಿ ನಮ್ಮದು. ಬೆಳಗ್ಗೆ ಚಿತ್ರದುರ್ಗದ ಕೋಟೆ, ಮಧ್ಯಾಹ್ನ ಬೆಣ್ಣೆ ದೋಸೆ, ಸಂಜೆ ಮಂಡಕ್ಕಿ-ಮೆಣಸಿನಕಾಯಿ ಅಂತ ಪ್ಲಾನ್ ಹಾಕಿದೆ. ಆರಕ್ಕೆ ಹೊರಡಬೇಕಿದ್ದವರು ಎಂಟೂವರೆಗೆ ಹೊರಟೆವು. ಜನಕ್ಕೆ ಹೊತ್ತು ಗೊತ್ತಾಗಬಾರದು ಅಂತ ಕ್ಯಾಸಿನೋ ಒಳಗೆ ಗಡಿಯಾರವನ್ನೇ ಹಾಕಲ್ಲ ಅಂತ ಷಡ್ಡಕ ದಾರಿಯಲ್ಲಿ ಹೇಳಿದ. ನಮ್ಮ ಮನೆಯಲ್ಲಿ ಮೂರು ಗಡಿಯಾರಗಳಿವೆ. ಏನು ಉಪಯೋಗ?

ಕೋಟೆ ಬಾಗಿಲಲ್ಲೇ ಅವನ ಎಂಟು ವರ್ಷದ ಮಗ ಕೇಳಿದ: "ದೊಡ್ಡಪ್ಪ, ಇದು ಯಾವುದರ ಕಾಪಿ?"

"ಕಾಪಿ ಅಲ್ಲಪ್ಪ, ಒರಿಜಿನಲ್. ಏಳು ಸುತ್ತಿನ ಕೋಟೆ. ಹೈದರಾಲಿಗೂ ಸುಲಭಕ್ಕೆ ದಕ್ಕಲಿಲ್ಲ. 1779ರ ತನಕ ಕಾಯಬೇಕಾಯ್ತು."

ಅವನಿಗೆ ನಂಬಿಕೆ ಬರಲಿಲ್ಲ. ಗೋಡೆಯ ಕಲ್ಲನ್ನು ಬೆರಳಿಂದ ಟಕಟಕ ಕುಟ್ಟಿ ನೋಡಿದ, ಒಳಗೆ ಟೊಳ್ಳಿದೆಯಾ ಅಂತ.

ಏಕನಾಥೇಶ್ವರಿ ಗುಡಿ ಹತ್ತಿರ ನನ್ನ ಹೆಂಡತಿ ಹುಡುಗನಿಗೆ ಚಿಕ್ಕಿ ಕೊಡಲು ಬ್ಯಾಗ್ ತೆಗೆದಳು. ಬಂಡೆ ಮೇಲಿಂದ ಒಂದು ಮಂಗ ಇಳಿದು ಬಂತು. ಓಡಿ ಬರಲಿಲ್ಲ, ಬ್ಯಾಂಕಿನ ಕ್ಯಾಷಿಯರ್ ಹಾಗೆ ನಿಧಾನವಾಗಿ ಬಂತು. ಚಿಕ್ಕಿಯನ್ನು ಬಿಟ್ಟು ಆ ಪ್ಲಾಸ್ಟಿಕ್ ಕವರನ್ನೇ ಎಳೆದುಕೊಂಡು ಮೇಲೆ ಹತ್ತಿತು. ಕುಂಕುಮದ ಪೊಟ್ಟಣ ಹರಿಯಿತು. ಮೂಗು, ಗಲ್ಲ ಎಲ್ಲ ಕೆಂಪು ಮಾಡಿಕೊಂಡು, ಜಾತ್ರೆಯಿಂದ ಬಂದವರ ಥರ ಕೂತು, 14 ಡಾಲರಿನ ಚೀಟಿಯನ್ನು ಒಂದು ತುದಿಯಿಂದ ಅಗಿಯತೊಡಗಿತು. "ಸಾವಿರದ ಮೇಲೆ ರೂಪಾಯಿ ಕಣ್ರೀ!" ಅಂತ ಇವಳು ಚಪ್ಪಲಿ ಎತ್ತಿದಳು. ಅಷ್ಟು ದುಬಾರಿ ತಿಂಡಿಯನ್ನು ಆ ಮಂಗ ಅರ್ಧ ತಿಂದು ಉಗಿಯಿತು.

ಅವಳನ್ನು ನಗಿಸಬೇಕು ಅಂತಲೇ ನಾನು ಓಬವ್ವನ ಕಿಂಡಿಯಲ್ಲಿ ಬಾಜಿ ಕಟ್ಟಿದ್ದು. ಷಡ್ಡಕನ ಹೊಟ್ಟೆ ತೋರಿಸಿ "ನೀನು ಈ ಕಿಂಡಿ ದಾಟಿದ್ರೆ ನೂರು ರೂಪಾಯಿ" ಅಂದೆ. ಅವನು ಉಸಿರು ಎಳೆದುಕೊಂಡ, ಓರೆಯಾದ, ಆ ಕಡೆ ಎದ್ದು ನಿಂತ. ಜಿಮ್ಮಿಗೆ ಹೋಗುತ್ತಾನಂತೆ, ಮೊದಲೇ ಹೇಳಬಾರದಾ?

ಈಗ ನಾನು ನುಗ್ಗದೆ ಇದ್ದರೆ ಮರ್ಯಾದೆ ಏನು ಉಳೀತು? ತಲೆ ಹೋಯಿತು. ಭುಜ ಹೋಯಿತು. ಬೆಲ್ಟಿನ ಬಕಲ್ ಹತ್ತಿರ ನಿಂತುಹೋಯಿತು. ಅದೇ ಹೊತ್ತಿಗೆ ಆ ಕಡೆ ಒಂದು ಶಾಲೆಯ ಮಕ್ಕಳ ಟೂರು ಬಂದು ನಿಂತಿತು. ಗೈಡ್ ಹೇಳುತ್ತಿದ್ದ: "ಕಾವಲುಗಾರ ಊಟಕ್ಕೆ ಹೋಗಿದ್ದ. ಅವನ ಹೆಂಡತಿ ಓಬವ್ವ ನೀರಿಗೆ ಬಂದ್ಲು. ಆಗ ಈ ಕಿಂಡಿಯಿಂದ ಹೈದರಾಲಿ ಸೈನಿಕರು ಒಬ್ಬೊಬ್ಬರಾಗಿ ಹಿಂಗೇ ತಲೆ ತೂರಿಸ್ತಿದ್ರು..." ಅಂದು ಕೋಲಿನಿಂದ ನನ್ನ ತಲೆ ತೋರಿಸಿದ. ಮಕ್ಕಳೆಲ್ಲ ನನ್ನನ್ನೇ ನೋಡಿದರು.

ಹಿಂದಿನಿಂದ ನನ್ನ ಹೆಂಡತಿಯ ದನಿ: "ಒನಕೆ ತರ್ಲೇನ್ರೀ?"

ಚೀಟಿಯ ದುಃಖ ಅಲ್ಲಿಗೆ ಮುಗಿಯಿತು. ನಾನು ಬೆಲ್ಟ್ ಬಿಚ್ಚಿ ಹೊರಗೆ ಬಂದೆ.

ದಾವಣಗೆರೆಗೆ ವಾಪಸ್ಸು 60 ಕಿಲೋಮೀಟರ್, ಹಸಿದ ಹೊಟ್ಟೆಯಲ್ಲಿ. ದೋಸೆ ಹೋಟೆಲಿನಲ್ಲಿ ಕಾಲಿಡಲು ಜಾಗ ಇಲ್ಲ. ನಮ್ಮೂರಿನ ನಿಜವಾದ ಜೂಜು ಇರೋದು ಇಲ್ಲಿ. ತಿನ್ನುತ್ತಿರುವವರ ಬೆನ್ನ ಹಿಂದೆ ಹೋಗಿ ನಿಲ್ಲಬೇಕು. ಯಾರ ಬೆನ್ನ ಹಿಂದೆ ಅನ್ನೋದೇ ಆಟ. ಹುಡುಗರ ಗುಂಪು ಬೇಡ, ಏಳಲ್ಲ. ನಾನು ಒಬ್ಬ ಸಣಕಲು ಅಜ್ಜನ ಟೇಬಲ್ ಆರಿಸಿದೆ. ಒಂದು ದೋಸೆಗೆ ಸಾಕು ಅನ್ನುವ ಮೈಕಟ್ಟು. ಅಜ್ಜ ಮೂರನೆಯದಕ್ಕೆ ಕೈ ಎತ್ತಿದ. ನಮ್ಮ ಕಣ್ಣೆದುರೇ ಬಿಸಿ ದೋಸೆಯ ಮೇಲೆ ಬೆಣ್ಣೆಯ ಉಂಡೆ ಕರಗಿ ಅಂಚಿಗೆ ಹರಿಯಿತು. ಆತ ಬಿಳಿ ಆಲೂಗಡ್ಡೆ ಪಲ್ಯವನ್ನು ಚೂರು ಚೂರೇ, ಲೆಕ್ಕ ಹಾಕಿದ ಹಾಗೆ ಹಚ್ಚಿಕೊಂಡು ತಿಂದ.

ಅರ್ಧ ಗಂಟೆಗೆ ಜಾಗ ಸಿಕ್ಕಿತು. ಇನ್ನೂ ಸರಿಯಾಗಿ ಕೂತಿರಲಿಲ್ಲ, ಸಪ್ಲೈಯರ್ ಒಳಗೆ ನೋಡಿ ಕೂಗಿದ: "ನಾಲ್ಕು ಬೆಣ್ಣೆ ಖಾಲಿ!"

ಹುಡುಗನ ಮುಖ ಸಪ್ಪೆಯಾಯಿತು. "ಅಪ್ಪ, ಬೆಣ್ಣೆ ಖಾಲಿ ಅಂತೆ."

ಷಡ್ಡಕ ಮೈಸೂರಿನವನು. ಖಾಲಿ ಅನ್ನೋದು ದೋಸೆಯ ಹೆಸರು ಅಂತ ಅವನಿಗೇನು ಗೊತ್ತು? "ಛೆ, ಬೇರೆ ಕಡೆ ನೋಡೋಣ ಅಣ್ಣ" ಅಂತ ಎದ್ದ. ಅವನ ಹೆಂಡತಿ ಎದ್ದಳು. ಮಗ ಎದ್ದ. "ಏ, ಕೂತ್ಕಳ್ರಪ್ಪಾ!" ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಹರಿಹರದ ಕಡೆಯ ಒಂದು ಸಂಸಾರ ಆ ಮೂರೂ ಕುರ್ಚಿಗಳಲ್ಲಿ ಕೂತಾಗಿತ್ತು. ಬೆನ್ನ ಹಿಂದೆ ನಿಂತು ಇನ್ನೊಂದು ಇಪ್ಪತ್ತು ನಿಮಿಷ. ಕೊನೆಗೆ ಸಿಕ್ಕಿದ ದೋಸೆಯ ಬಗ್ಗೆ ನಾನೇನೂ ಹೇಳಲ್ಲ, ಬಾಯಲ್ಲಿ ನೀರು ಬಂದು ಬರೆಯೋದು ನಿಲ್ಲುತ್ತೆ.

ಸಂಜೆ ಗಾಜಿನ ಮನೆ. "ಇದು ಲಾಲ್‌ಬಾಗಿನದನ್ನು ನೋಡಿ ಕಟ್ಟಿದ್ದು" ಅಂದೆ. ಹುಡುಗನ ಮುಖ ಇಡೀ ದಿನದಲ್ಲಿ ಮೊದಲ ಸಲ ಅರಳಿತು. "ಹಾಗಾದ್ರೆ ಕಾಪಿ! ನಿಮ್ಮೂರೂ ಚೆನ್ನಾಗಿದೆ ದೊಡ್ಡಪ್ಪ."

ಆಮೇಲೆ ಗಾಡಿಯ ಮುಂದೆ ನಿಂತು ನರ್ಗಿಸ್ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ. ತಟ್ಟೆಯಲ್ಲಿ ಆರು ಇದ್ದವು. ಷಡ್ಡಕ ನೂರು ರೂಪಾಯಿ ನೆನಪಿಸಿದ. ನಾನು, "ಇದರಲ್ಲಿ ಒಂದಾದರೂ ಖಾರದ್ದು ಇದ್ದೇ ಇರುತ್ತೆ. ಅದು ನಿನಗೆ ಬಂದ್ರೆ ಬಾಕಿ ಚುಕ್ತಾ, ನನಗೆ ಬಂದ್ರೆ ಇನ್ನೂರು" ಅಂದೆ. ಮೂವತ್ತು ವರ್ಷದಿಂದ ಈ ಊರಿನ ಮೆಣಸಿನಕಾಯಿ ತಿಂದವನು ನಾನು. ನೋಡಿದರೇ ಗೊತ್ತಾಗುತ್ತೆ. ಸಣ್ಣಗೆ, ಪಾಪದ್ದು ಅನ್ನೋ ಥರ ಇದ್ದ ಒಂದನ್ನು ಎತ್ತಿ ಕಚ್ಚಿದೆ.

ನನ್ನ ಕಣ್ಣಲ್ಲಿ ನೀರು ಇಳಿಯುತ್ತಿರುವಾಗಲೇ ನನ್ನ ಹೆಂಡತಿ ಬ್ಯಾಗ್ ತೆಗೆದು, ಮರದ ಮೇಲೊಮ್ಮೆ ನೋಡಿ, ಷಡ್ಡಕನ ಕೈಗೆ ಇನ್ನೂರು ರೂಪಾಯಿ ಇಟ್ಟಳು.