ದೊಡ್ಡವ್ವನ ಪುಡಿ, ತಂಗಿಯ ಬಸಿರು

ಕಳೆದ ತಿಂಗಳು ದಾವಣಗೆರೆಯಲ್ಲಿ ತಂಗಿಯ ಕುಬಸ. ರಜೆ ಸಿಗದೆ ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲೇ ಕೂತು ವಿಡಿಯೋ ಕಾಲಿನಲ್ಲಿ ನೋಡಿದೆ. ಹಸಿರು ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು ಕೂತವಳನ್ನು ನೋಡುತ್ತಿದ್ದಂತೆ ಕಣ್ಣು ತುಂಬಿ ಬಂತು. ಹೆಂಗಸರೆಲ್ಲ ಉಡಿ ತುಂಬಿ ಎದ್ದ ಮೇಲೆ ದೊಡ್ಡವ್ವ ಒಳಗಿಂದ ಒಂದು ಪುಡಿ ಪಾಕೀಟು ತಂದು ಅವಳ ಕೈಗಿಟ್ಟಳು. "ನನ್ನ ಮಂಡಿನೋವಿಗೆ ಡಾಕ್ಟ್ರು ಬರಕೊಟ್ಟಿದ್ದು ಉಳಿದೈತೆ, ಹಾಲಿಗೆ ಹಾಕ್ಕಂಡು ಕುಡಿ. ಮಗಿನ ಎಲುಬು ಗಟ್ಟಿ ಆಗ್ತತೆ."

ಪಾಕೀಟನ್ನು ಕ್ಯಾಮೆರಾ ಹತ್ತಿರ ಹಿಡಿಯಲು ಹೇಳಿದೆ. ವಿಟಮಿನ್ ಡಿ3, 60,000 ಯೂನಿಟ್. ನನ್ನೆದೆ ಧಸಕ್ಕೆಂದಿತು. ಆರು ತಿಂಗಳು ತುಂಬಿದ ಬಸುರಿಗೆ ಅಲ್ಲಿಯವರೆಗೆ ಯಾರೂ ಈ ವಿಟಮಿನ್ನಿನ ಹೆಸರನ್ನೇ ಎತ್ತಿರಲಿಲ್ಲ. ಎತ್ತಿದ್ದು ದೊಡ್ಡವ್ವ, ಅದೂ ಇನ್ನೊಬ್ಬರ ಕಾಯಿಲೆಗೆ ಬರೆದ ಔಷಧಿ ಹಿಡಿದುಕೊಂಡು.

ನನ್ನ ಬಸಿರಿನಲ್ಲಿ ಇಲ್ಲಿ ಆದದ್ದೇ ಬೇರೆ. ಮೊದಲ ಭೇಟಿಯಲ್ಲಿ ಬಸುರಿಯರನ್ನು ನೋಡಿಕೊಳ್ಳುವ ಮಿಡ್‌ವೈಫ್ ಇನ್ನೂ ರಕ್ತ ತೆಗೆದಿರಲಿಲ್ಲ, ಆಗಲೇ ಕೇಳಿದಳು: ಫೋಲಿಕ್ ಆಸಿಡ್ ತಗೊಳ್ತಿದ್ದೀಯಾ, ವಿಟಮಿನ್ ಡಿ ತಗೊಳ್ತಿದ್ದೀಯಾ? ದಿನಕ್ಕೊಂದು ಪುಟ್ಟ ಮಾತ್ರೆ, 10 ಮೈಕ್ರೊಗ್ರಾಂ, ಅಂದರೆ 400 ಯೂನಿಟ್. ಇಲ್ಲಿನ ಸರ್ಕಾರಿ ಪೌಷ್ಟಿಕತೆ ಸಮಿತಿ 2016ರಲ್ಲಿ ನಾಲ್ಕು ವರ್ಷ ದಾಟಿದ ಎಲ್ಲರಿಗೂ, ಬಸುರಿ ಬಾಣಂತಿಯರೂ ಸೇರಿದಂತೆ, ದಿನಕ್ಕೆ ಬೇಕೆಂದು ಹೇಳಿದ್ದು ಇಷ್ಟೇ. ಚಳಿಗಾಲದಲ್ಲಿ ಈ ದೇಶದ ಬಿಸಿಲು ಮೈಗೆ ಈ ವಿಟಮಿನ್ ಮಾಡಿಕೊಡುವುದಿಲ್ಲ. ನಮ್ಮಂಥ ಮೈಬಣ್ಣದವರು ವರ್ಷವಿಡೀ ತೆಗೆದುಕೊಳ್ಳುವ ಯೋಚನೆ ಮಾಡಬೇಕು ಎನ್ನುತ್ತಾರೆ. ದಿನಕ್ಕೆ 4,000 ಯೂನಿಟ್ ಮೀರಬೇಡಿ ಎಂದೂ ಹೇಳುತ್ತಾರೆ. ಆದಾಯ ಕಡಿಮೆಯಿರುವ ಬಸುರಿಯರಿಗೆ ಮಾತ್ರೆ ಪುಕ್ಕಟೆ. ಇದಕ್ಕೆಂದು ಟೆಸ್ಟ್ ಇಲ್ಲ, ಹೆದರಿಸುವ ವರದಿ ಇಲ್ಲ. ಮಗು ಹುಟ್ಟಿ ಎದೆಹಾಲು ಶುರುವಾದ ಮೇಲೆ ಅದಕ್ಕೂ ದಿನಾ ಹನಿ ಹಾಕಿ ಎಂದರು, ಎದೆಹಾಲಿನಲ್ಲಿ ಡಿ ಬಹಳ ಕಡಿಮೆ ಇರುವುದರಿಂದ.

ಇದನ್ನು ಊರಿಗೆ ಹೇಳಿದರೆ ಬರುವ ಉತ್ತರ ಒಂದೇ: "ನಿಮಗೆ ಅಲ್ಲಿ ಬಿಸಿಲಿಲ್ಲ ಕಣವ್ವ, ನಮಗೇನು ಬಂದೈತೆ?" ಬಿಸಿಲಿದೆ, ನಿಜ. ಆದರೆ ನನ್ನ ತಂಗಿಯ ಮೈಗೆ ಅದು ಬೀಳುವುದು ಯಾವಾಗ? ಹೊರಗೆ ಹೋಗಬ್ಯಾಡ, ಮಗು ಕಪ್ಪಾಗ್ತತೆ ಎಂದು ಮನೆಮಂದಿಯೆಲ್ಲ ಕಾಯುತ್ತಾರೆ, ಕೇಸರಿ ಹಾಲು ಕುಡಿಸುತ್ತಾರೆ. ಗಂಡನ ಸ್ಕೂಟರ್ ಹತ್ತಿದರೆ ಮುಖಕ್ಕೆ ದುಪಟ್ಟಾ, ಕೈಗೆ ಉದ್ದ ತೋಳಿನ ಗ್ಲೌಸ್. ಮನೆಯೊಳಗೆ ಗಾಜಿನ ಕಿಟಕಿ ಪಕ್ಕ ಕೂತರೆ ಸೆಕೆ ತಾಗುತ್ತದೆ, ಅಷ್ಟೇ. ಡಿ ತಯಾರಾಗಲು ಬೇಕಾದ ಕಿರಣ ಗಾಜು ದಾಟುವುದಿಲ್ಲ. ಬೆಳಗಿನ ಎಳೆಬಿಸಿಲಲ್ಲೂ ಅದು ತೀರಾ ಕಡಿಮೆ, ಚೆನ್ನಾಗಿ ಸಿಗುವುದು ನೆತ್ತಿ ಸುಡುವ ಹೊತ್ತಿಗೆ. ಆಗ ಯಾವ ಬಸುರಿಯನ್ನು ಯಾರು ಅಂಗಳಕ್ಕೆ ಬಿಟ್ಟಾರು? ಹೆತ್ತ ಮೇಲಂತೂ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಬಾಗಿಲು ಹಾಕಿದ ಕೋಣೆ.

ಹುಟ್ಟುವ ಮಗು ಡಿಯನ್ನು ತಾಯಿಯಿಂದಲೇ ತುಂಬಿಕೊಂಡು ಬರಬೇಕು. ಅವಳಲ್ಲೇ ಬರಿದಾಗಿದ್ದರೆ ಮಗುವಿನ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಫಿಟ್ಸ್ ಬರುವುದುಂಟು, ಮುಂದೆ ಕಾಲು ಸೊಟ್ಟಗಾಗುವುದುಂಟು. ರಾಗಿ ಮುದ್ದೆ ತಿಂತೀವಲ್ಲ ಎನ್ನುತ್ತಾಳೆ ಅವ್ವ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, ಒಪ್ಪಿದೆ. ಅದು ಮೈಗೆ ಚೆನ್ನಾಗಿ ಹತ್ತಬೇಕಾದರೆ ಡಿ ಬೇಕು, ಡಿ ರಾಗಿಯಲ್ಲಿಲ್ಲ.

ಮಾತ್ರೆ ಶಾಕಾಹಾರವೇ ಎಂದು ಅಜ್ಜಿ ಕೇಳಿದ್ದೂ ಉಂಟು. ನ್ಯಾಯವಾದ ಪ್ರಶ್ನೆ. ಡಿ3 ಹೆಚ್ಚಾಗಿ ಮಾಡುವುದು ಕುರಿ ಉಣ್ಣೆಯ ಜಿಡ್ಡಿನಿಂದ. ಚಳ್ಳಕೆರೆ ಕಂಬಳಿ ಹೊದ್ದು ಬೆಳೆದ ಮನೆಗೆ ಉಣ್ಣೆ ಮೈಲಿಗೆಯಲ್ಲ ಎಂದೆ, ಒಪ್ಪಿದಳು. ಕ್ಯಾಪ್ಸೂಲಿನ ಸಿಪ್ಪೆ ಪ್ರಾಣಿಗಳ ಎಲುಬು, ಚರ್ಮದಿಂದ ಮಾಡುವ ಜೆಲಾಟಿನ್ನಿನದೇ ಎಂಬುದನ್ನು ಮಾತ್ರ ನೋಡಿ ತರಬೇಕು.

ಒಂದು ಮಾತು ಹೇಳದೆ ಬಿಡುವಂತಿಲ್ಲ. ಫೋನಿಡುವ ಮೊದಲು ತಂಗಿಗೆ, ಆಶಾ ಅಕ್ಕ ಕೊಟ್ಟ ಗುಳಿಗೆ ಎಲ್ಲಿವೆ ನೋಡು ಎಂದೆ. ಬೀರುವಿನಲ್ಲಿ ತಾಯಿ ಕಾರ್ಡಿನ ಕೆಳಗೆ ಒಡೆಯದ ಹಾಳೆಗಳು ಸಿಕ್ಕವು. ಹಿಂಬದಿ ಓದಿಸಿದೆ: 500 ಮಿಲಿಗ್ರಾಂ ಕ್ಯಾಲ್ಸಿಯಂ, 250 ಯೂನಿಟ್ ಡಿ3. ನಾಲ್ಕನೇ ತಿಂಗಳಿಂದ ಹೆರಿಗೆಯಾಗಿ ಆರು ತಿಂಗಳವರೆಗೆ ದಿನಕ್ಕೆರಡು ಎಂಬುದು ನಮ್ಮ ಸರ್ಕಾರದ್ದೇ ನಿಯಮ. ಲೆಕ್ಕ ಹಾಕಿದರೆ ದಿನಕ್ಕೆ 500 ಯೂನಿಟ್, ಇಲ್ಲಿ ನನಗೆ ಹೇಳಿದ್ದಕ್ಕಿಂತ ಹೆಚ್ಚು, ಅದೂ ಎಲ್ಲರಿಗೂ ಪುಕ್ಕಟೆ. ಇನ್ನು ವಿಶ್ವ ಆರೋಗ್ಯ ಸಂಸ್ಥೆಯಂತೂ ಬಸುರಿಯರಿಗೆಲ್ಲ ಡಿ ಕೊಡಲೇಬೇಕೆಂದು ಹೇಳುವುದಿಲ್ಲ, ಕೊರತೆಯ ಶಂಕೆ ಇದ್ದವರಿಗೆ 200 ಯೂನಿಟ್ ಸಾಕು ಎನ್ನುತ್ತದೆ. ಹಾಗಾಗಿ ಇಲ್ಲಿಯವರದೇ ಕೊನೆಯ ಮಾತು ಎಂದು ನಾನು ವಾದಿಸಲಾರೆ. ಕುಬಸದ ದಿನ ಅವಳ ಸುತ್ತ ಇದ್ದಷ್ಟು ಜನ ನನ್ನ ಬಸಿರಿನಲ್ಲಿ ನನ್ನ ಸುತ್ತ ಇರಲಿಲ್ಲ ಎಂಬುದೂ ಸತ್ಯ.

ಆದರೂ ನನ್ನ ಸಿಟ್ಟು ಇಳಿದಿಲ್ಲ. ತಂಗಿ ತೋರಿಸುವುದು ಖಾಸಗಿ ಆಸ್ಪತ್ರೆಯಲ್ಲಿ. ಅಲ್ಲಿ ಸ್ಕ್ಯಾನಿಂಗ್‌ಗೆ ಕೊಟ್ಟಷ್ಟು ಸಮಯವನ್ನು ಗುಳಿಗೆಯ ಮಾತಿಗೆ ಯಾರೂ ಕೊಡಲಿಲ್ಲ. ಸರ್ಕಾರದ ಗುಳಿಗೆ ಎಂದರೆ ಮನೆಯಲ್ಲಿ ಅಸಡ್ಡೆ. ಮೆಡಿಕಲ್ ಶಾಪಿನಲ್ಲಿ ಮಾತ್ರ ಕೇಳಿದವರಿಗೆಲ್ಲ 60,000ದ ಪುಡಿ ಸಿಗುತ್ತದೆ. ಅದು ಕೊರತೆ ಇದ್ದವರಿಗೆ ಡಾಕ್ಟರು ಲೆಕ್ಕ ಹಾಕಿ ಬರೆಯುವ ಔಷಧಿ. ಮೇಲಿಂದ ಮೇಲೆ ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು.

ದೊಡ್ಡವ್ವನ ಪಾಕೀಟು ವಾಪಸ್ ಹೋಯಿತು, ಅವಳಿಗೆ ಸ್ವಲ್ಪ ಬೇಜಾರೂ ಆಯಿತು. ತಂಗಿ ಹಾಳೆಗಳನ್ನು ಡಾಕ್ಟರಿಗೆ ತೋರಿಸಿ ಕೇಳಿಕೊಂಡು ಬಂದಳು. ಈಗ ಬೆಳಗಿನ ತಿಂಡಿಯಾದ ಮೇಲೆ ಒಂದು, ಮಧ್ಯಾಹ್ನ ಊಟವಾದ ಮೇಲೆ ಒಂದು. ರಕ್ತದ ಗುಳಿಗೆ ರಾತ್ರಿ, ಯಾಕೆಂದರೆ ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಇಷ್ಟನ್ನು ತಾಯಿ ಕಾರ್ಡ್ ಬರೆದುಕೊಟ್ಟ ದಿನವೇ, ಗಂಡನನ್ನೂ ಅತ್ತೆಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಐದು ನಿಮಿಷ ಹೇಳಬಹುದಿತ್ತು.